ಮರಳಿಬಂದಪ್ಪನ ಗುಡ್ಡ

ಹಾಲುಗುಂದಿಯಿಂದ ಬಡಗಲಿಗೆ ಎರಡು ಕೂಗಳತೆ ನಡೆದರೆ ಎರಡು ಬೋಳುಗುಡ್ಡಗಳು ಎದುರುಬದುರು ನಿಂತಿರುವುದು ಕಾಣುತ್ತದೆ. ನಡುವಿನ ಕಣಿವೆ ಬಹಳ ಕಿರಿದು. ಡಾಂಬರು ಬಿದ್ದ ಮೇಲೂ ಅಲ್ಲಿ ಎರಡು ಲಾರಿಗಳು ಒಟ್ಟಿಗೆ ದಾಟಲಾರವು. ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕು. ಬಲಗಡೆಯ ಗುಡ್ಡವನ್ನು ಮರಳಿಬಂದಪ್ಪನ ಗುಡ್ಡ ಎನ್ನುತ್ತಾರೆ. ಅದರ ಬುಡದಲ್ಲಿ, ರಸ್ತೆಯಿಂದ ಹತ್ತು ಮಾರು ಒಳಗೆ, ಗುಡಿಯಿಲ್ಲದೆ ಗೋಪುರವಿಲ್ಲದೆ ಒಂದು ವೀರಗಲ್ಲು ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ತಲೆಯ ಮೇಲೆ ಸೂರು ಕಟ್ಟಿಸುತ್ತೇವೆಂದು ಉಳ್ಳವರು ಎಷ್ಟೋ ಸಲ ಮುಂದೆ ಬಂದದ್ದುಂಟು. ಅಪ್ಪನಿಗೆ ಬಯಲೇ ಇಷ್ಟವೆಂದು ಊರವರು ಕೈಮುಗಿದು ಬೇಡವೆಂದಿದ್ದಾರೆ. ಹೆಸರು ಕೇಳಿದ ಪರಸ್ಥಳದವರು, ಈ ಅಪ್ಪ ಎಲ್ಲಿಗೆ ಹೋಗಿದ್ದ, ಎಲ್ಲಿಂದ ಮರಳಿ ಬಂದ ಎಂದು ವಿಚಾರಿಸುತ್ತಾರೆ. ಆಗ ಹಾಲುಗುಂದಿಯ ಹಿರಿಯರು ಚಪ್ಪಲಿ ಬಿಟ್ಟು, ಗುಡ್ಡದ ಕಡೆ ಮುಖಮಾಡಿ ಕುಳಿತು, ಕುಂಬಾರ ಸಂಕವ್ವನ ಹೆಸರಿನಿಂದಲೇ ಕಥೆ ಶುರುಮಾಡುತ್ತಾರೆ. ಏಕೆಂದರೆ ಆ ತಾಯಿಯಿಲ್ಲದೆ ಆ ಅಪ್ಪನಿಲ್ಲ.

ಹಿಂದೆ ಒಮ್ಮೆ, ಕೆಂಚಮಲ್ಲನಾಯಕನೆಂಬ ಪಾಳೆಯಗಾರ ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ, ಪಡುವಣ ಕಡಲಿನ ಬಂದರಿಗೆ ಹಡಗುಗಳಲ್ಲಿ ಕುದುರೆಗಳು ಬಂದಿಳಿಯುತ್ತಿದ್ದವಂತೆ. ಅವನ್ನು ಘಟ್ಟ ಹತ್ತಿಸಿಕೊಂಡು ಬಂದು ನಾಯಕರಿಗೆ ಮಾರುವ ವರ್ತಕರಿದ್ದರು. ಹಾಗೆ ಬಂದ ಒಂದು ತಂಡದಲ್ಲಿ ಮೀರದಾದನೆಂಬ ಯುವಕನಿದ್ದ. ಕಡಲಾಚೆಯ ಮಕರಾನ ಅವನ ನಾಡು. ಕುದುರೆಗಳ ಮೈ ತಿಕ್ಕುವುದು, ನೀರು ಕುಡಿಸುವುದು ಅವನ ಕೆಲಸ. ತಂಡ ಹಾಲುಗುಂದಿಯ ಕೋಟೆ ಮುಟ್ಟಿದ ದಿನವೇ ಒಂದು ಹೆಣ್ಣುಕುದುರೆಗೆ ಹೊಟ್ಟೆಶೂಲೆ ಬಂದು ಅದು ನೆಲಕ್ಕೆ ಬಿದ್ದಿತು. ಹೇಗೂ ಸಾಯುವ ಪ್ರಾಣಿ, ಬಿಟ್ಟು ನಡೆ ಎಂದ ವರ್ತಕ. ಮೀರದಾದ ನಡೆಯಲಿಲ್ಲ. ಅದರ ಹೊಟ್ಟೆ ಉಜ್ಜುತ್ತ, ಕಿವಿಯಲ್ಲಿ ತನ್ನ ಭಾಷೆಯಲ್ಲಿ ಏನೇನೋ ಹೇಳುತ್ತ ಮೂರು ದಿನ ಕೂತ. ನಾಲ್ಕನೆಯ ದಿನ ಕುದುರೆ ಎದ್ದು ನಿಂತಿತು. ಅಷ್ಟರಲ್ಲಿ ವರ್ತಕನ ತಂಡ ಹೊರಟುಹೋಗಿತ್ತು. ನಾಯಕ ಇದನ್ನೆಲ್ಲ ಕೋಟೆಯ ಮೇಲಿನಿಂದ ನೋಡಿದವನು, ಪ್ರಾಣಿಯನ್ನು ಬಿಡದವನು ಒಡೆಯನನ್ನೂ ಬಿಡಲಾರ ಎಂದು ಅವನ ಕೈಗೆ ಗುರಾಣಿ ಕೊಟ್ಟು ಕೋಟೆಯ ಕಾವಲಿಗೆ ಸೇರಿಸಿಕೊಂಡನಂತೆ.

ಕಾವಲಿನವರಿಗೆ ನಾಯಕನ ಕಣಜದಿಂದ ಜೋಳದ ಪಡಿ ಸಿಗುತ್ತಿತ್ತು. ಅದನ್ನು ಯಾರಾದರೊಬ್ಬರ ಮನೆಗೆ ಕೊಟ್ಟು ರೊಟ್ಟಿ ಬಡಿಸಿಕೊಳ್ಳುವುದು ವಾಡಿಕೆ. ಕುಲ ಗೊತ್ತಿಲ್ಲ, ನೆಲೆ ಗೊತ್ತಿಲ್ಲ, ದೇವರು ಗೊತ್ತಿಲ್ಲ ಎಂದು ಮೀರದಾದನ ಜೋಳವನ್ನು ಯಾರೂ ಮುಟ್ಟಲಿಲ್ಲ. ಪಡಿಯ ಗಂಟು ಹಿಡಿದು ಅವನು ಕೇರಿ ಕೇರಿ ಅಲೆದು, ಊರ ಕೊನೆಯ ಮನೆಯ ಮುಂದೆ ಬಂದು ನಿಂತ. ಅದು ಕುಂಬಾರ ಸಂಕವ್ವನ ಮನೆ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ, ತಾನೇ ತಿಗರಿ ತಿರುಗಿಸಿ ಮಡಕೆ ಮಾಡಿ ಬಾಳುತ್ತಿದ್ದ ಹೆಣ್ಣುಮಗಳು ಅವಳು. ಗಂಟನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು. "ಹಸಿವಿಗೆ ಯಾವ ಕುಲಾನಪ್ಪ, ಕೂರು" ಎಂದಳು. ಆ ದಿನದಿಂದ ಅವನ ಊಟ ಅವಳ ಒಲೆಯ ಮುಂದೆ. ಬದಲಿಗೆ ಅವನು ಕೆರೆಯಂಗಳದಿಂದ ಜೇಡಿಮಣ್ಣು ಹೊತ್ತು ತರುತ್ತಿದ್ದ, ತುಳಿದು ಹದ ಮಾಡುತ್ತಿದ್ದ, ಮಡಕೆ ಸುಡುವ ಆವಿಗೆಗೆ ಸೌದೆ ಒಟ್ಟುತ್ತಿದ್ದ. ಸಂಜೆಯಾದರೆ ಹಿತ್ತಲಲ್ಲಿ ಪಡುವಣಕ್ಕೆ ತಿರುಗಿ ಮಂಡಿಯೂರಿ ಎರಡೂ ಅಂಗೈ ತೆರೆದು ಬೇಡಿಕೊಳ್ಳುತ್ತಿದ್ದ. ಸಂಕವ್ವ ಅದೇ ಹೊತ್ತಿಗೆ ಮನೆದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಅವನು ಕರೆದದ್ದು ಯಾರನ್ನೋ, ಅವಳು ಕರೆದದ್ದು ಯಾರನ್ನೋ. ಕೇಳಿಸಿಕೊಳ್ಳುವವನು ಒಬ್ಬನೇ ಇದ್ದುದರಿಂದ ತೊಂದರೆಯೇನೂ ಆಗಲಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು.

ಹಾಲುಗುಂದಿಯಲ್ಲಿ ಆಗ ಒಂದು ಪದ್ಧತಿಯಿತ್ತು. ವಿಜಯದಶಮಿಯ ದಿನ ಬನ್ನಿಮರದ ಕೆಳಗೆ ಪಡೆಯವರೆಲ್ಲ ಸಾಲಾಗಿ ನಿಲ್ಲುವರು. ಊರ ತಳವಾರ ಒಬ್ಬೊಬ್ಬರನ್ನೇ, ಇಂಥವರ ಮನೆಯ ಇಂಥವನು ಎಂದು ಮನೆ ಹಿಡಿದು ಕೂಗುವನು. ಆ ಮನೆಯವರು 'ಬಂದ' ಎಂದು ಓಗೊಡುವರು. ಆಗ ಅವನು ಮುಂದೆ ಬಂದು ಗೌಡರ ಕೈಯಿಂದ ಬನ್ನಿ ತೆಗೆದುಕೊಳ್ಳುವನು. ಮೀರದಾದನ ಸರದಿ ಎಲ್ಲರ ಕೊನೆಗೆ. ತಳವಾರ ದುರುಗ, "ಹೊರಗಿನಾತ!" ಎಂದು ಕೂಗುವನು. ಓಗೊಡುವವರು ಯಾರೂ ಇಲ್ಲದೆ ಅವನು ತಾನೇ ತಲೆತಗ್ಗಿಸಿ ನಡೆದು ಬರುವನು. ಹೀಗೆ ಏಳು ದಸರೆ ಕಳೆದವು. ಏಳನೆಯ ವರ್ಷ ಮಣ್ಣು ತುಳಿಯುತ್ತ ಅವನು ಕೇಳಿದ: "ಅವ್ವಾ, ಇನ್ನೆಷ್ಟು ವರ್ಷ ಒಳಗಿದ್ದರೆ ನಾನು ಒಳಗಿನವ ಆಗ್ತೀನಿ?" ಸಂಕವ್ವ ಮಣ್ಣಿಗೆ ಇನ್ನಷ್ಟು ನೀರು ಚಿಮುಕಿಸಿದಳು. "ನಾನು ಮದುವೆಯಾಗಿ ಬಂದು ನಲವತ್ತು ವರ್ಷ ಆತು, ನನ್ನ ಇನ್ನೂ ಆ ಊರೋಳು ಅಂತಾರೆ. ನಿನಗೇನು ಅವಸರ?" ಎಂದು ನಗಿಸಿದಳು. ಆದರೆ ಅವನಿಗೆ ಬೇಕಾಗಿದ್ದದ್ದು ಆ ಒಂದೇ ಕೂಗು ಎಂಬುದು ಅವಳಿಗೆ ತಿಳಿದುಹೋಯಿತು. ಹೊನ್ನು ಬೇಡದವನು, ಹೆಣ್ಣು ಬೇಡದವನು, ಒಂದು ಮನೆಯ ಹೆಸರು ಬೇಡುತ್ತಿದ್ದ. ಬರುವ ದಸರೆಗೆ ತಾನೇ ಓಗೊಡಬೇಕೆಂದು ಅವಳು ಮನಸ್ಸಿನಲ್ಲೇ ದೇವರಿಗೆ ಮಾತು ಕೊಟ್ಟಳು.

ಆ ದಸರೆ ಬರುವ ಮೊದಲೇ ಯುದ್ಧ ಬಂತು. ಮೂಡಣ ಸೀಮೆಯ ದೊರೆ ದಂಡೆತ್ತಿ ಬಂದ. ಹೊಳೆಯ ಕಡವಿನಲ್ಲಿ ಅವನನ್ನು ತಡೆಯಲು ನಾಯಕ ನಲವತ್ತು ಮಂದಿಯನ್ನು ಕಳಿಸಿದ. ಇಪ್ಪತ್ತಮೂರು ಮಂದಿ ತಿರುಗಿ ಬಂದರು. ಮೀರದಾದ ಬರಲಿಲ್ಲ, ಅವನ ಗುರಾಣಿ ಮತ್ತು ರುಮಾಲು ಬಂದವು. ಉಳಿದವರು ದಡ ಹತ್ತಲೆಂದು ಎದೆಮಟ್ಟ ನೀರಿನಲ್ಲಿ ಕಟ್ಟಕಡೆಗೆ ನಿಂತು ಕಾದವನು ಅವನೇ, ಹೊಳೆ ಅವನನ್ನು ಒಯ್ದಿತು ಎಂದರು. ಊರು ನಾಚಿಕೊಂಡಿತು. ಇಂಥವನಿಗೆ ಕಲ್ಲು ನಿಲ್ಲಿಸದಿದ್ದರೆ ನಾವು ಮನುಷ್ಯರಲ್ಲ ಎಂದು ಹಿರಿಯರೆಲ್ಲ ಗಡಿಯಾಚೆ ಗುಡ್ಡದ ಬುಡದಲ್ಲಿ ಸೇರಿದರು. ಆದರೆ ವೀರಗಲ್ಲಿಗೆ ಮಡಿದವನ ರಕ್ತಸಂಬಂಧಿಯೊಬ್ಬರು ಧಾರೆಯೆರೆಯಬೇಕು. ನೆತ್ತರುಗೊಡಗೆಯೆಂದು ನಾಯಕ ಬಿಡುವ ಹೊಲವನ್ನೂ ಅವರೇ ಸ್ವೀಕರಿಸಬೇಕು. ಗೌಡ ಮಾಳಗೊಂಡ, "ಇವನವರು ಯಾರು?" ಎಂದು ಒಂದು ಸಲ ಕೇಳಿದ, ಎರಡು ಸಲ ಕೇಳಿದ. ಮೂರನೆಯ ಸಲಕ್ಕೆ, ಮೊಣಕೈವರೆಗೆ ಮಣ್ಣು ಮೆತ್ತಿದ್ದ ಸಂಕವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದು, "ನಾನು. ಅವನು ನನ್ನ ಮಗ" ಎಂದಳು.

"ಹೊಲ ಅಂದ ಕೂಡಲೇ ಮಗ ಹುಟ್ಟಿದನೇನವ್ವಾ?" ಎಂದ ತಳವಾರ ದುರುಗ. ಕೆಲವರು ನಕ್ಕರು.

"ನನ್ನ ಒಲೆ ಮುಂದೆ ಮೊದಲ ತುತ್ತು ಉಂಡ ದಿನ ಹುಟ್ಟಿದ ಕಣೋ. ನೀವೆಲ್ಲ ಬಾಗಿಲು ಹಾಕ್ಕೊಂಡು ಕೂತಿದ್ದಿರಿ, ತೊಟ್ಟಿಲು ತೂಗೋದು ನಿಮಗೆಲ್ಲಿ ಕೇಳಿಸಬೇಕು?" ಎಂದಳು ಸಂಕವ್ವ. ನಗೆ ನಿಂತಿತು. ಅವಳು ಧಾರೆಯೆರೆದಳು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಶಿಲ್ಪಿ ಹೊಳೆಯ ಕಾಳಗವನ್ನು ಕೆತ್ತಿದ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದನ್ನು ಕೆತ್ತಿದ. ಮೇಲಿನ ಪಟ್ಟಿಯಲ್ಲಿ ವೀರ ಸೇರಿದ ದೇವರ ಸನ್ನಿಧಿ ಇರಬೇಕು. ಯಾವ ದೇವರೆಂದು ತಿಳಿಯದೆ ಅವನು ಉಳಿ ಕೆಳಗಿಟ್ಟ. ಬರಿದಾಗಿ ಬಿಡಪ್ಪ, ಬಂದು ಕೂರುವವನಿಗೆ ತನ್ನ ಜಾಗ ಗೊತ್ತು ಎಂದಳಂತೆ ಸಂಕವ್ವ. ಆ ಪಟ್ಟಿ ಇಂದಿಗೂ ನುಣುಪಾಗಿ ಬರಿದಾಗಿಯೇ ಇದೆ. ಕರ್ಪೂರ ಹಚ್ಚಿದಾಗ ಎಲ್ಲಕ್ಕಿಂತ ಹೆಚ್ಚು ಹೊಳೆಯುವುದೂ ಅದೇ.

ಕಲ್ಲು ನಿಂತ ನಾಲ್ಕನೆಯ ತಿಂಗಳು, ಒಂದು ಬೆಳಗ್ಗೆ, ಬಾವಿಗೆ ಹೋದ ಹೆಂಗಸರು ಕೊಡ ಬಿಸಾಡಿ ಚೀರುತ್ತ ಓಡಿಬಂದರು. ಕಣಿವೆಯಿಂದ ಮೀರದಾದ ಕುಂಟುತ್ತ ಇಳಿದು ಬರುತ್ತಿದ್ದ. ಹೊಳೆ ಅವನನ್ನು ಕೆಳಗಿನ ದಡಕ್ಕೆ ಎಸೆದಿತ್ತು, ವೈರಿಗಳು ಹಿಡಿದು ತಮ್ಮ ಲಾಯದ ಚಾಕರಿಗೆ ಹಚ್ಚಿದ್ದರು, ಅಲ್ಲಿಂದ ತಪ್ಪಿಸಿಕೊಂಡು ನಡೆದೇ ಬಂದಿದ್ದ. ಗಡಿಗಲ್ಲಿನ ಬಳಿ ದುರುಗ ಈಟಿ ಹಿಡಿದು ಅಡ್ಡ ನಿಂತ. "ನಿಲ್ಲು! ನೀನು ಸತ್ತಿದೀಯ!" ಎಂದು ಕೂಗಿದ. "ನನಗೆ ಯಾರೂ ಹೇಳಲಿಲ್ಲವಲ್ಲ ತಳವಾರಣ್ಣ" ಎಂದ ಮೀರದಾದ. ಆಮೇಲೆ ಅವನ ಕಣ್ಣು ಕಲ್ಲಿನ ಮೇಲೆ ಬಿತ್ತು. ತನ್ನದೇ ಗುರಾಣಿಯನ್ನು ಕಲ್ಲಿನ ಮನುಷ್ಯನ ಕೈಯಲ್ಲಿ ಕಂಡು ಹತ್ತಿರ ಹೋದ. ಓದು ಬಾರದವನು. ಅಷ್ಟರಲ್ಲಿ ಓಡಿಬಂದ ಗೌಡನನ್ನು ಏನು ಬರೆದಿದೆ ಎಂದು ಕೇಳಿದ. ಮಾಳಗೊಂಡ ಓದಿದ: ಹಾಲುಗುಂದಿಯ ಕುಂಬಾರ ಸಂಕವ್ವೆಯ ಮಗ ಮೀರದಾದನು ಹೊಳೆಯ ಕಾಳಗದಲ್ಲಿ ಕಾದಿ ಬಿದ್ದು ಸುರಲೋಕವನ್ನೆಯ್ದಿದನು. ಇನ್ನೊಮ್ಮೆ ಓದಿ ಎಂದ. ಗೌಡ ಇನ್ನೊಮ್ಮೆ ಓದಿದ. ಬಿದ್ದದ್ದನ್ನೂ ಸುರಲೋಕವನ್ನೂ ಬಿಟ್ಟು, ಮಗ ಎಂಬಲ್ಲಿಗೆ ಬಂದಾಗ ಮೀರದಾದ ಕಲ್ಲನ್ನು ತಬ್ಬಿಕೊಂಡು ಅತ್ತನಂತೆ.

ಸಂಕವ್ವ ಎಲ್ಲರನ್ನೂ ನೂಕಿಕೊಂಡು ಬಂದು ಅವನ ಕೈ ಹಿಡಿದು ಎಳೆದಳು. "ಬಾರೋ, ರೊಟ್ಟಿ ಆರಿಹೋಗುತ್ತೆ." ಆದರೆ ಅವನನ್ನು ಒಳಗೆ ಬಿಡುವುದು ಅಷ್ಟು ಸುಲಭವಿರಲಿಲ್ಲ. ಧಾರೆಯೆರೆದು ದೀಪ ಹಚ್ಚಿದ ಕಲ್ಲು ಸುಳ್ಳಾಡಬಾರದು. ಸುಳ್ಳಾಡಿದರೆ ಊರಿಗೆ ಕೇಡು ಎಂಬುದು ಅಂದಿನವರ ನಂಬಿಕೆ. ಮಾಳಗೊಂಡ ಒಳ್ಳೆಯ ಮನುಷ್ಯ, ಅಂಜುಬುರುಕನೂ ಹೌದು. ಅವನು ಹೇಳಿದ: "ಎರಡೇ ದಾರಿ ಐತೆ ತಮ್ಮಾ. ಶಾಂತಿ ಮಾಡಿಸಿ ಕಲ್ಲು ಕೀಳೋಣ. ಆಗ ನೀನು ಬದುಕಿದವ. ಆದರೆ ಎರೆದ ಧಾರೆನೂ ಸುಳ್ಳಾತು, ನೀನು ಮೊದಲಿನಂಗೆ ಹೊರಗಿನಾತ. ಇಲ್ಲವೋ, ಕಲ್ಲು ಇರಲಿ. ಆಗ ನೀನು ಇವಳ ಮಗನೇ. ಆದರೆ ಸತ್ತವನು ಈ ಗಡಿ ದಾಟಂಗಿಲ್ಲ."

"ಕೀಳಿರಿ! ಹೊಲ ಹಾಳಾಗಿ ಹೋಗಲಿ, ನನಗೆ ಹುಡುಗ ಬೇಕು!" ಎಂದು ಸಂಕವ್ವ ಗಡಾರಿ ಹುಡುಕತೊಡಗಿದಳು. ಮೀರದಾದ ಅವಳ ಎರಡೂ ಕೈ ಹಿಡಿದುಕೊಂಡ. "ಬೇಡವ್ವಾ. ಅದರಲ್ಲಿ ನಿನ್ನ ಹೆಸರು ಐತೆ. ನಾನು ಹೊರಗೇ ಇರ್ತೀನಿ, ಕಲ್ಲು ಇರಲಿ." ಏಳು ವರ್ಷ ಊರ ಒಳಗಿದ್ದು ಹೊರಗಿನವನಾಗಿದ್ದವನು ಈಗ ಊರ ಹೊರಗೆ ನಿಂತು ಊರಿನ ಮಗನಾಗಿರುವುದನ್ನು ಆರಿಸಿಕೊಂಡಿದ್ದ. ಅಂದೇ ಗುಡ್ಡದ ಮೇಲೆ ಕಲ್ಲೊಟ್ಟಿ ಒಂದು ಗುಡಿಸಲು ಕಟ್ಟಿಕೊಂಡ. ಕುರಿ ಕಾಯುವವರು ಅವನನ್ನು ಮರಳಿಬಂದವ ಎಂದು ಕರೆಯತೊಡಗಿದರು. ಅದರಲ್ಲಿ ಹಾಸ್ಯವೂ ಇತ್ತು, ಸ್ವಲ್ಪ ಭಯವೂ ಇತ್ತು.

ಹೀಗೆ ಮೂರು ವರ್ಷ. ಸಂಕವ್ವ ಪ್ರತಿದಿನ ಬೆಳಗ್ಗೆ ಬುಟ್ಟಿ ಹೊತ್ತು ಗುಡ್ಡ ಹತ್ತುತ್ತಿದ್ದಳು. ಯಾರೂ ನೇಮಿಸದಿದ್ದರೂ ಅವನು ಕಣಿವೆಯ ಕಾವಲು ಕಾಯುತ್ತಿದ್ದ. ಒಂದು ದಿನ, "ಅವ್ವಾ, ಆವಿಗೆಯಲ್ಲಿ ಒಡೆದ ಮಡಕೆಯ ಬೋಕಿ ಇದ್ದರೆ ತಾ" ಎಂದ. "ಜೋಳದ ರೊಟ್ಟಿ ಸಾಕಾತೇನೋ, ಬೋಕಿ ಕಡಿಯೋ ಹಲ್ಲು ಬಂದವಾ?" ಎಂದು ಅವಳು ಬೈದಳು, ಮಾರನೆಯ ದಿನ ಮಾತ್ರ ತಂದಳು. ಅವನು ಅವನ್ನು ಕಣಿವೆಯ ಕತ್ತಿನಲ್ಲಿ, ಎತ್ತುಗಳು ನಡೆಯುವ ಓಣಿ ಬಿಟ್ಟು, ಚೂಪು ಅಂಚು ಮೇಲೆ ಮಾಡಿ ಒಂದೊಂದಾಗಿ ಮಣ್ಣಿನಲ್ಲಿ ನೆಡುತ್ತಿದ್ದ. ಕುದುರೆಯ ಗೊರಸಿನ ನಡುವೆ ಎಲ್ಲಿ ಮೆತ್ತಗಿರುತ್ತದೆಂದು ಬಲ್ಲವನು ಅವನೊಬ್ಬನೇ. ನೆಡುವಾಗ ಪ್ರತಿಯೊಂದು ಬೋಕಿಯನ್ನೂ ಹಣೆಗೆ ಒತ್ತಿಕೊಳ್ಳುತ್ತಿದ್ದನಂತೆ. ಯಾಕೋ ಎಂದು ಸಂಕವ್ವ ಕೇಳಿದರೆ, "ಕುದುರೆಗಳ ಹತ್ತಿರ ಕ್ಷಮೆ ಕೇಳ್ತಿದೀನಿ" ಎಂದ. ಅವಳ ಆವಿಗೆಯ ಹಿಂದಿನ ಬೋಕಿಯ ರಾಶಿಯೆಲ್ಲ ಮೂರು ವರ್ಷದಲ್ಲಿ ಬುಟ್ಟಿ ಬುಟ್ಟಿಯಾಗಿ ಗುಡ್ಡ ಸೇರಿತು.

ಮೂರನೆಯ ವರ್ಷದ ಸುಗ್ಗಿ. ಊರವರೆಲ್ಲ ಕಣದಲ್ಲಿದ್ದರು, ದನಗಳು ಬಯಲಿನಲ್ಲಿದ್ದವು, ಪಡೆ ನಾಯಕನ ಹಿಂದೆ ತೆಂಕಣ ಸೀಮೆಗೆ ಹೋಗಿತ್ತು. ಇದನ್ನು ತಿಳಿದೇ ಮೂಡಣ ದೊರೆಯ ಸವಾರರು ಬಂದರು. ಸಂಕವ್ವ ಬುಟ್ಟಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಆಚೆಯ ಬಯಲಿನಲ್ಲಿ ಧೂಳೆದ್ದಿತು. ಮೀರದಾದ ಎದ್ದು ನಿಂತು ನೋಡಿದ. "ಅವ್ವಾ, ಇಳಿ. ಎಲ್ಲರೂ ದನ ಹೊಡಕೊಂಡು ಕೋಟೆ ಸೇರಲಿ ಅಂತ ಹೇಳು." "ನೀನೂ ಬಾ!" ಎಂದು ಅವಳು ಅವನ ತೋಳು ಹಿಡಿದಳು. ಅವನು ನಕ್ಕ. "ನಾನು ಗಡಿ ದಾಟಂಗಿಲ್ಲವಲ್ಲವ್ವಾ. ಓಡು. ನಿನ್ನ ಮಗ ಇಲ್ಲಿದಾನೆ ಅಂತ ಊರಿಗೆ ಹೇಳು."

ಅರವತ್ತು ದಾಟಿದ ಆ ತಾಯಿ ಹೇಗೆ ಇಳಿದಳೋ, ಯಾವ ದೇವರು ಅವಳ ಕಾಲಿಗೆ ಬಲ ಕೊಟ್ಟನೋ. ಕಣದಿಂದ ಕಣಕ್ಕೆ ಕೂಗುತ್ತ ಓಡಿದಳು. ಅತ್ತ ಮುಂದಿನ ಸಾಲಿನ ಕುದುರೆಗಳು ಕಣಿವೆಯ ಕತ್ತಿಗೆ ಬಂದು ಬೋಕಿ ತುಳಿದು ಹಿಂಗಾಲ ಮೇಲೆ ನಿಂತವು. ಹಿಂದಿನವು ಅವುಗಳ ಮೇಲೆ ನುಗ್ಗಿದವು. ಇಳಿದು ನಡೆದು ಬಂದ ಸವಾರರಿಗೆ ಎತ್ತಿನ ಓಣಿಯೊಂದೇ ದಾರಿ. ಅಲ್ಲಿ ಕುಂಟುಕಾಲಿನ ಮೀರದಾದ ಗುರಾಣಿಯಿಲ್ಲದೆ ಕತ್ತಿ ಹಿಡಿದು ನಿಂತಿದ್ದ. ಬೆಳಗಿನ ಬಿಸಿಲು ನೆತ್ತಿಗೇರುವವರೆಗೂ ನಿಂತಿದ್ದ. ಅಷ್ಟರಲ್ಲಿ ಕಟ್ಟಕಡೆಯ ಕರುವೂ ಕೋಟೆಯ ಬಾಗಿಲೊಳಗೆ ಹೋಗಿ ಅಗುಳಿ ಬಿತ್ತು. ಮುಚ್ಚಿದ ಬಾಗಿಲು ಕಂಡ ವೈರಿಗಳು, ಕುಂಟುವ ಕುದುರೆಗಳನ್ನು ಹಿಡಿದುಕೊಂಡು ಒಂದು ದನವೂ ದಕ್ಕದೆ ತಿರುಗಿ ನಡೆದರು. ಆ ಓಣಿಯ ಇಕ್ಕೆಲದಲ್ಲಿ ದೊಡ್ಡ ಮಳೆ ಬಂದಾಗ ಈಗಲೂ ಕೆಂಪು ಬೋಕಿಗಳು ಮೇಲೇಳುತ್ತವೆ. ಹಾಲುಗುಂದಿಯವರು ಅವನ್ನು ಮೆಟ್ಟುವುದಿಲ್ಲ.

ಅವನು ಬಿದ್ದದ್ದು ತನ್ನ ಕಲ್ಲಿನಿಂದ ಇಪ್ಪತ್ತು ಹೆಜ್ಜೆ ಮೇಲೆ. ಊರವರು ಬಂದು ಸುತ್ತ ನಿಂತರು. ಸಂಕವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗೌಡನನ್ನು ನೋಡದೆಯೇ, "ಈಗಲಾದರೂ ಮನೆಗೆ ಕರಕೊಂಡು ಹೋಗಲೇನಪ್ಪಾ?" ಎಂದು ಕೇಳಿದಳು. ಊರ ಹೊರಗೆ ಸತ್ತವರನ್ನು ಊರೊಳಗೆ ತರುವ ರೂಢಿ ಯಾವ ಸೀಮೆಯಲ್ಲೂ ಇಲ್ಲ. ಮಾಳಗೊಂಡ ತನ್ನ ರುಮಾಲು ತೆಗೆದು ಅವನ ಮೈಮೇಲೆ ಹೊದಿಸಿದ. ಚಟ್ಟಕ್ಕೆ ಮೊದಲು ಹೆಗಲು ಕೊಟ್ಟವನು ದುರುಗ. ಗಡಿಗಲ್ಲಿನ ಬಳಿ ಬಂದಾಗ ಅವನು ನಿಂತ, ಉಸಿರು ತುಂಬಿಕೊಂಡು, ಬನ್ನಿಮರದ ಕೆಳಗೆ ಕೂಗುವ ಹಾಗೆ, ಕೋಟೆಯ ಕಲ್ಲುಗಳು ಮರುದನಿಗೊಡುವ ಹಾಗೆ ಕೂಗಿದ: "ಕುಂಬಾರ ಸಂಕವ್ವನ ಮನೆಯ ಮೀರದಾದ!"

"ಬಂದ" ಎಂದಳು ಸಂಕವ್ವ.

ಅವಳ ಹಿಂದೆ ಊರಿಗೆ ಊರೇ "ಬಂದ" ಎಂದಿತು. ಹಾಲುಗುಂದಿಯ ಗಡಿ ದಾಟಿ ಒಳಗೆ ಬಂದ ಹೆಣ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಅದೊಂದೇ. ಅವನನ್ನು ಒಲೆಯ ಮುಂದೆ, ಅವನು ಕೂರುತ್ತಿದ್ದ ಜಾಗದಲ್ಲಿ ಮಲಗಿಸಿದರು. ಮನೆಮನೆಯವರೂ ತಂತಮ್ಮ ಜೋಳದ ರೊಟ್ಟಿ ತಂದು ಅವಳ ಅಂಗಳದಲ್ಲಿಟ್ಟರು. ಮಣ್ಣು ಮಾಡುವಾಗ, ದಿನವೂ ಅವನು ತಿರುಗಿ ಕೂರುತ್ತಿದ್ದ ದಿಕ್ಕು ಬಲ್ಲ ಸಂಕವ್ವನೇ ನಿಂತು ಮುಖವನ್ನು ಪಡುವಣಕ್ಕೆ ಮಾಡಿಸಿದಳು. ಮರಳಿಬಂದವ ಎಂಬ ಹೆಸರಿಗೆ ಅಪ್ಪ ಎಂಬುದು ಸೇರಿಕೊಂಡದ್ದು ಅಂದಿನಿಂದ ಎನ್ನುತ್ತಾರೆ. ಆ ವರ್ಷದ ಕೊನೆಗೆ, ಸುಟ್ಟುಹೋದ ಹಳ್ಳಿಯೊಂದರಿಂದ ನೇಕಾರ ಸಂಸಾರವೊಂದು ಆಸರೆ ಹುಡುಕಿಕೊಂಡು ಬಂದು ಗಡಿಯಲ್ಲಿ ನಿಂತಿತು. ಯಾರನ್ನು ಕೇಳಿ ಒಳಗೆ ಬರಬೇಕೆಂದು ಅವರು ವಿಚಾರಿಸಿದಾಗ ಸಂಕವ್ವ, "ನನ್ನ ಮಗನಿಗೆ ಹೇಳಿ ಬರ್ರಿ, ಸಾಕು" ಎಂದು ಗುಡ್ಡದ ಕಡೆ ಕೈ ತೋರಿಸಿದಳಂತೆ.

ಈಗಲೂ ಹಾಗೆಯೇ ನಡೆಯುತ್ತದೆ. ಮದುವೆಯಾಗಿ ಬರುವ ಸೊಸೆಯಿರಲಿ, ವರ್ಗವಾಗಿ ಬರುವ ಮೇಷ್ಟ್ರಿರಲಿ, ಕೂಲಿಗೆ ಬಂದವರಿರಲಿ, ಹಾಲುಗುಂದಿಯಲ್ಲಿ ನೆಲೆಸುವವರು ಮೊದಲು ಕಲ್ಲಿನ ಮುಂದೆ ನಿಂತು ತಮ್ಮ ಹೆಸರನ್ನೂ ಹೆತ್ತವರ ಹೆಸರನ್ನೂ ಬಿಟ್ಟುಬಂದ ಊರನ್ನೂ ಬಾಯಿಬಿಟ್ಟು ಹೇಳುತ್ತಾರೆ. ಕುಂಬಾರ ಮನೆತನದ ಹೆಣ್ಣುಮಗಳೊಬ್ಬಳು ಅವರ ಕೈಗೆ ರೊಟ್ಟಿ ಇಡುತ್ತಾಳೆ. ಅದಾದ ಮೇಲೆ ಅವರನ್ನು ಹೊರಗಿನವರು ಎನ್ನುವಂತಿಲ್ಲ. ಬಾಯಿಜಗಳದ ಬಿಸಿಯಲ್ಲೂ ಅದೊಂದು ಮಾತು ಈ ಊರಿನಲ್ಲಿ ಯಾರ ನಾಲಿಗೆಗೂ ಬರುವುದಿಲ್ಲ. ಹೋದ ವರ್ಷ, ಎದುರುಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಒಡಿಶಾದಿಂದ ಬಂದ ಗಂಡಹೆಂಡಿರು ಕೂಸನ್ನು ಎತ್ತಿಕೊಂಡು ಬಂದು ನಿಂತರು. ಹೆಂಗಸು ತಲೆಯ ಮೇಲೆ ಸೆರಗು ಎಳೆದುಕೊಂಡು ತನ್ನ ಭಾಷೆಯಲ್ಲಿ ಬಹಳ ಹೊತ್ತು ಹೇಳಿದಳು. ನಡುನಡುವೆ ಅತ್ತಳು, ಒಮ್ಮೆ ನಕ್ಕಳು. ಮುಗಿಯುವವರೆಗೂ ರೊಟ್ಟಿ ಹಿಡಿದು ಕಾದಿದ್ದ ಕುಂಬಾರರ ಗಂಗಮ್ಮನನ್ನು, ಪಕ್ಕದಲ್ಲಿದ್ದ ಯಾತ್ರಿಕರೊಬ್ಬರು, "ಅವಳು ಹೇಳಿದ್ದು ತಿಳಿಯಿತೇನಮ್ಮಾ?" ಎಂದು ಕೇಳಿದರು.

"ನನಗ್ಯಾಕೆ ತಿಳೀಬೇಕು ಸ್ವಾಮಿ, ಅವಳೇನು ನನಗೆ ಹೇಳಿದಳಾ?" ಎಂದ ಗಂಗಮ್ಮ, ರೊಟ್ಟಿಯನ್ನು ಎರಡು ಮಾಡಿ ಅವರಿಬ್ಬರ ಕೈಗಿಟ್ಟು, ಕೂಸನ್ನು ತಾನು ಎತ್ತಿಕೊಂಡು ಊರಿನ ಕಡೆ ಮುಂದೆ ಮುಂದೆ ನಡೆದಳು.